ಮಲೆನಾಡಿನ ಹಳೆ ಮನೆ, ಗೋಡೆಯೂ ಮಣ್ಣಿನದೇ. ಮಣ್ಣಿನ ನೆಲ ಬಿರುಕು ಬಿಟ್ಟು ಪುಡಿ ಏಳುತ್ತಿದೆ. ಮೇಲೆ ಸಿಮೆಂಟ್ ಹಾಕಿಸಲೇ, ಅಗಸೆ ಎಣ್ಣೆ ಹಚ್ಚಲೇ?

ಸಿಮೆಂಟ್ ಖಂಡಿತ ಬೇಡ. ಮಲೆನಾಡಿನ ಮನೆ, ಗೋಡೆಯೂ ಮಣ್ಣಿನದೇ ಅಂದಿದ್ದೀರಿ. ಮಳೆಗಾಲದಲ್ಲಿ ಅಡಿಯಿಂದ ಏರುವ ತೇವ ಈಗ ನೆಲದ ಮೈಯಲ್ಲೇ ಆರುತ್ತಿದೆ. ಆ ದಾರಿ ಮುಚ್ಚಿದರೆ ಅದು ಗೋಡೆಯ ಬುಡ ಹಿಡಿಯುತ್ತದೆ, ಆಮೇಲೆ ಗೋಡೆ ರಿಪೇರಿಯ ಖರ್ಚು ಬೇರೆ.

ದೀಪಾವಳಿ ಕಳೆದು ನೆಲ ಚೆನ್ನಾಗಿ ಒಣಗಿದ ಮೇಲೆ ಕೆಲಸಕ್ಕೆ ಕೈ ಹಾಕಿ. ಕೂದಲೆಳೆಯ ಬಿರುಕಿಗೆ ಸಗಣಿ ಸಾರಿಸಿದರೆ ಸಾಕು. ಹೊಂಡ ಬಿದ್ದಲ್ಲಿ ಮಾತ್ರ ಗಟ್ಟಿ ಮಣ್ಣು ಸಿಗುವತನಕ ಕೆತ್ತಿ, ಅಂಚನ್ನು ನೆಟ್ಟಗೆ ಇಳಿಸಿ. ಅಂಚು ತೆಳ್ಳಗಿದ್ದರೆ ತೇಪೆ ಹಕ್ಕಳೆ ಏಳುತ್ತದೆ. ಕೆತ್ತಿದ ಮಣ್ಣು ಎಸೆಯಬೇಡಿ. ಅದನ್ನೇ ಪುಡಿ ಮಾಡಿ ಜರಡಿ ಹಿಡಿದರೆ ತೇಪೆಯ ಬಣ್ಣ ಹಳೆ ನೆಲಕ್ಕೆ ಹೊಂದುತ್ತದೆ. ಒಣಗುವಾಗ ಕುಗ್ಗುವುದು ಜೇಡಿ, ಮರಳಲ್ಲ. ಆದ್ದರಿಂದ ಮರಳು ಸೇರಿಸಿ, ಹೆಚ್ಚುಕಡಿಮೆ ಮುಕ್ಕಾಲು ಪಾಲು ಮರಳೇ ಇರಲಿ. ನೀರು ಎಷ್ಟು ಕಮ್ಮಿಯೋ ಅಷ್ಟು ಒಳ್ಳೆಯದು: ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಕೈಗೆ ಮೆತ್ತಬಾರದು. ಹೊಂಡದ ಬದಿಗೆ ನೀರು ಚಿಮುಕಿಸಿ, ಮಣ್ಣು ತುಂಬಿ ಪೆಟ್ಟುಮಣೆಯಲ್ಲಿ ಬಡಿಯಿರಿ. ಉಗುರು ಗೀರಿದರೆ ಗುರುತು ಬೀಳುವ ಹದಕ್ಕೆ ಬಂದಾಗ ನುಣ್ಣನೆಯ ಹೊಳೆಗಲ್ಲಿನಿಂದ ತಿಕ್ಕಿ. ಹೊಸದಾಗಿ ಬಿಟ್ಟ ಸಣ್ಣ ಬಿರುಕೆಲ್ಲ ಆಗ ಕೂಡಿಕೊಳ್ಳುತ್ತದೆ. ಈ ಹೊತ್ತು ತಪ್ಪಿದರೆ ಎಷ್ಟು ತಿಕ್ಕಿದರೂ ಬರೀ ಪುಡಿ.

ಅಗಸೆ ಎಣ್ಣೆ ಅಮೆರಿಕದ ನ್ಯೂ ಮೆಕ್ಸಿಕೊದಂಥ ಒಣ ಸೀಮೆಯ ಅಡೋಬ್ (ಬಿಸಿಲಲ್ಲಿ ಒಣಗಿಸಿದ ಮಣ್ಣಿನ ಇಟ್ಟಿಗೆಯ) ಮನೆಗಳಲ್ಲಿ ನಡೆಯುತ್ತದೆ. ಅದು ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವ ಎಣ್ಣೆ. ಟರ್ಪೆಂಟೈನ್ ಬೆರೆಸಿ ಹಲವು ಸಲ ಹಚ್ಚುತ್ತಾರೆ. ತೇವ ಏರುವ ನೆಲಕ್ಕೆ ಅದು ಸರಿಹೋಗದು, ಮೇಲಾಗಿ ಒಮ್ಮೆ ಎಣ್ಣೆ ಕುಡಿದ ನೆಲಕ್ಕೆ ಆಮೇಲೆ ಸಗಣಿ ಹಿಡಿಯುವುದಿಲ್ಲ. ನನ್ನನ್ನು ಕೇಳಿದರೆ, ಉಪ್ಪರಿಗೆಯಲ್ಲಿ ಮಣ್ಣಿನ ನೆಲವಿದ್ದರೆ ಅಲ್ಲಿ ಹಚ್ಚಿ ನೋಡಿ, ಕೆಳಗೆ ಸಗಣಿಯೇ ಇರಲಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಕಾದು ಬೆಂಕಿ ಹತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ ಹೊರಗೆ ಹರವಿ.

ನೆಲ ಕಪ್ಪಗೆ ಹೊಳೆಯಬೇಕೆಂದು ಹಳೆ ಟಾರ್ಚ್ ಸೆಲ್ ಒಡೆದು ಅದರ ಪುಡಿಯನ್ನು ಸಗಣಿಗೆ ಬೆರೆಸಲು ಯಾರಾದರೂ ಹೇಳಿಯಾರು. ಅದರಲ್ಲಿ ಮ್ಯಾಂಗನೀಸ್ ಡೈಆಕ್ಸೈಡ್ ಇರುತ್ತದೆ, ಮಕ್ಕಳು ಅಂಬೆಗಾಲಿಡುವ ನೆಲಕ್ಕೆ ಬೇಡವೇ ಬೇಡ. ತೆಂಗಿನ ಚಿಪ್ಪು ಸುಟ್ಟ ಇದ್ದಿಲನ್ನು ನುಣ್ಣಗೆ ಅರೆದು ಸೇರಿಸಿ, ಬಣ್ಣ ಚೆನ್ನಾಗಿಯೇ ಬರುತ್ತದೆ.