ಕೋಳಿ ಗೊಬ್ಬರ, ಸಗಣಿ ಎರಡನ್ನೂ ಹಸಿಯಾಗಿಯೇ ಹೊಲಕ್ಕೆ ಹಾಕಬಹುದಾ?

ಹಸುಗಳ ಸಗಣಿ, ಕೋಳಿ ಶೆಡ್ಡಿನ ಗೊಬ್ಬರ ಎರಡೂ ರಾಶಿ ಬಿದ್ದಿದೆ, ಪಕ್ಕದ ಹೊಲಕ್ಕೇ ಎಲ್ಲಾ ಸುರಿಯಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ನಾನು ಹಾಗೆ ಮಾಡಿ ಕೈ ಸುಟ್ಟುಕೊಂಡಿದ್ದೇನೆ.

ಶೆಡ್ಡಿನಿಂದ ತೆಗೆದ ಗೊಬ್ಬರವನ್ನು ನೇರವಾಗಿ ಸಸಿ ಸಾಲಿಗೆ ಹಾಕಿ ನೀರು ಬಿಟ್ಟಿದ್ದೆ. ವಾರದೊಳಗೆ ಎಲೆಯ ಅಂಚು ಕಂದಾಗಿ ಮುರುಟಿತು. ಒಂದು ಸಸಿ ಕಿತ್ತು ನೋಡಿದರೆ ಬೇರಿನ ತುದಿಯೇ ಕಪ್ಪು. ಕೋಳಿಗೆ ಮೂತ್ರ ಬೇರೆ, ಹಿಕ್ಕೆ ಬೇರೆ ಅಂತಿಲ್ಲ. ಹಿಕ್ಕೆಯಲ್ಲಿ ಬಿಳಿಯಾಗಿ ಕಾಣುತ್ತಲ್ಲ, ಅದು ಯೂರಿಕ್ ಆಮ್ಲ. ತೇವ ತಾಗಿದರೆ ಅಮೋನಿಯಾ ಆಗುತ್ತದೆ, ಎಳೆ ಬೇರನ್ನು ಸುಡುತ್ತದೆ. ಮೂಗಿಗೆ ಹೊಡೆಯುವ ಆ ಘಾಟು ಬಂತು ಅಂದ್ರೆ ಬೆಳೆಗೆ ಸೇರಬೇಕಾದ ಸಾರಜನಕ ಗಾಳಿಗೆ ಹೋಗ್ತಾ ಇದೆ ಅಂತ ಲೆಕ್ಕ.

ಅದಕ್ಕೇ ಮೊದಲು ಕಳಿಯಲು ಬಿಡಿ. ಕೋಳಿ ಗೊಬ್ಬರದಲ್ಲಿ ಒಂದು ಪಾಲು ಸಾರಜನಕಕ್ಕೆ ಇಂಗಾಲ ಹತ್ತು ಪಾಲಿನ ಆಸುಪಾಸು ಅಷ್ಟೇ ಇರುತ್ತದೆ. ತಿಪ್ಪೆ ಚೆನ್ನಾಗಿ ಬೇಯಲು 25ರಿಂದ 30 ಪಾಲು ಬೇಕು. ಒಣಹುಲ್ಲು, ಹೊಟ್ಟು, ದರಗು ಧಾರಾಳವಾಗಿ ಬೆರೆಸಿ. ತೇವ ಹದವಾಗಿದ್ದರೆ ಮುಷ್ಟಿಯಲ್ಲಿ ಹಿಂಡಿದಾಗ ಉಂಡೆ ನಿಲ್ಲುತ್ತದೆ, ನೀರು ತೊಟ್ಟಿಕ್ಕುವುದಿಲ್ಲ. ನಾನು ರಾಶಿಯ ನಡುವೆ ಕಬ್ಬಿಣದ ಸರಳು ಚುಚ್ಚಿಟ್ಟು, ಸ್ವಲ್ಪ ಹೊತ್ತಾದ ಮೇಲೆ ಎಳೆದು ಮುಟ್ಟಿ ನೋಡುತ್ತೇನೆ. ಹಿಡಿದುಕೊಳ್ಳಲು ಆಗದಷ್ಟು ಬಿಸಿ ಇದ್ದರೆ ಸಮಾಧಾನ. 55 ಡಿಗ್ರಿ ಮುಟ್ಟಿ ಹಲವು ದಿನ ನಿಂತರೆ ರೋಗಾಣು, ಕಳೆ ಬೀಜ ಹೆಚ್ಚಿನವು ಸಾಯುತ್ತವೆ. ಆದರೆ ರಾಶಿಯ ಹೊರಪದರ ತಣ್ಣಗೇ ಇರುತ್ತದೆ. ಹಾಗಾಗಿ ಆಗಾಗ ಮಗುಚಿ ಹೊರಗಿನದನ್ನು ಒಳಗೆ ಹಾಕಲೇಬೇಕು.

ಸಗಣಿ ಇಷ್ಟು ಖಾರ ಅಲ್ಲ. ಗಂಜಲ ಮಾತ್ರ ಮೋರಿಗೆ ಹರಿದು ಹೋಗಲು ಬಿಡಬೇಡಿ. ಹಸು ಹೊರಹಾಕುವ ಸಾರಜನಕದಲ್ಲಿ ಸುಮಾರು ಅರ್ಧ ಗಂಜಲದಲ್ಲೇ ಇರುತ್ತದೆ. ಕೊಟ್ಟಿಗೆಗೆ ಹುಲ್ಲು ಹಾಸಿ ಹೀರಿಸಿಕೊಳ್ಳಿ.

ಇನ್ನು ಪಕ್ಕದ ಹೊಲದ ವಿಷಯ. ನನಗೆ ಜಾಸ್ತಿ ಭಯ ಇರೋದು ಇಲ್ಲೇ. ಹಸಿ ಸಗಣಿಯಲ್ಲಿ ಮುಕ್ಕಾಲಿಗಿಂತ ಹೆಚ್ಚು ನೀರು. ದೂರ ಹೊರುವುದು ಕಷ್ಟ ಅಂತ ಎಲ್ಲರೂ ಹತ್ತಿರದ ಹೊಲಕ್ಕೇ ವರ್ಷಾ ವರ್ಷಾ ಸುರಿಯುತ್ತಾರೆ. ಸಾರಜನಕದ ಲೆಕ್ಕ ಹಿಡಿದು ಹಾಕಿದರೆ ರಂಜಕ ಬೆಳೆಗೆ ಬೇಕಾದ್ದಕ್ಕಿಂತ ಜಾಸ್ತಿ ಬೀಳುತ್ತದೆ. ಅದು ಗಾಳಿಗೆ ಹೋಗಲ್ಲ, ಮಣ್ಣಲ್ಲೇ ಕೂಡುತ್ತಾ ಹೋಗುತ್ತದೆ. ಮಳೆಗೆ ಮಣ್ಣಿನ ಜೊತೆ ಕೊಚ್ಚಿ ಕೆರೆ ಸೇರಿದರೆ ನೀರೆಲ್ಲ ಪಾಚಿ. ಮಿಕ್ಕ ಸಾರಜನಕ ನೈಟ್ರೇಟ್ ಆಗಿ ಬಾವಿಗೆ ಇಳಿಯುತ್ತದೆ, ಆ ನೀರು ಎಳೆ ಮಕ್ಕಳಿಗೆ ಅಪಾಯ. ಅತ್ತ ದೂರದ ಹೊಲ ಗೊಬ್ಬರ ಕಾಣದೆ ಬಡವಾಗಿರುತ್ತದೆ. ಕಳಿತ ಗೊಬ್ಬರ ಹಗುರ, ಸಾಗಿಸಲು ಸುಲಭ. ಅದನ್ನು ದೂರದ ಹೊಲಕ್ಕೆ ಒಯ್ಯಿರಿ, ಇಲ್ಲವೇ ಹುಲ್ಲು ಇರುವವರಿಗೆ ಕೊಟ್ಟು ಹುಲ್ಲು ತನ್ನಿ.

ಹಾಕಿದ ದಿನವೇ ಮಣ್ಣಿಗೆ ಸೇರಿಸಿ. ಜೋರು ಮಳೆ ಬರೋ ಹಾಗಿದ್ದರೆ ಹಾಕಲೇಬೇಡಿ. ಬಾವಿ ಅಥವಾ ಹಳ್ಳದ ಅಂಚಿನಲ್ಲೂ ಹಾಕಬೇಡಿ.

ಸದ್ಯಕ್ಕೆ ಶೆಡ್ಡಿನ ಪಕ್ಕದ ಹೊಲದ ಮಣ್ಣು ಪರೀಕ್ಷೆ ಮಾಡಿಸಿ. ರಂಜಕ ಹೆಚ್ಚು ಅಂತ ಬಂದರೆ, ಆ ಹೊಲಕ್ಕೆ ಈ ವರ್ಷ ಒಂದು ಬುಟ್ಟಿಯೂ ಬೇಡ.