ಮಚ್ಚೆ ತೆಗೆಸಿದ ಜಾಗದಲ್ಲಿ ಮತ್ತೆ ಕಂದು ಚುಕ್ಕೆ ಬಂದರೆ ಹೆದರಬೇಕೇ?

ನಿಮ್ಮ ಪ್ರಶ್ನೆಯ ವಿವರ ಹೀಗಿದೆ: ಬೆನ್ನಿನ ಮಚ್ಚೆಯೊಂದಕ್ಕೆ 7 ವಾರಗಳ ಹಿಂದೆ ಶೇವ್ ಬಯಾಪ್ಸಿ ಆಯಿತು, ಹೊಲಿಗೆ ಹಾಕಲಿಲ್ಲ. ರಿಪೋರ್ಟಿನಲ್ಲಿ ‘ಕಾಂಪೌಂಡ್ ನೀವಸ್, ಕೆಳಗಿನ ಅಂಚಿನವರೆಗೂ ಇದೆ, ಅಟಿಪಿಯಾ ಇಲ್ಲ’ ಎಂದಿದೆ (ನೀವಸ್ ಎಂದರೆ ಮಚ್ಚೆ, ಅಟಿಪಿಯಾ ಎಂದರೆ ಕೋಶಗಳ ರೂಪ ಅಸಹಜವಾಗಿರುವುದು). ಈಗ ಆ ಜಾಗ ಗುಲಾಬಿ ಬಣ್ಣಕ್ಕಿದೆ. ನಡುವೆ ರಾಗಿ ಕಾಳಿನಷ್ಟು ಎರಡು ಕಂದು ಚುಕ್ಕೆ, ಸುತ್ತಲೂ ಮಾಸಲು ಕಪ್ಪು ಉಂಗುರ, ರಾತ್ರಿ ಹೊತ್ತು ತುರಿಕೆ. ಕ್ಯಾನ್ಸರ್ ಆಗಿ ತಿರುಗಿ ಬಂತೇ ಎಂದು ಕೇಳಿದ್ದೀರಿ.

ನೀವು ಬರೆದಿರುವಷ್ಟರಲ್ಲಿ ನನಗೆ ಕ್ಯಾನ್ಸರಿನ ಸುಳಿವು ಕಾಣುತ್ತಿಲ್ಲ. ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಲೇಬೇಕು, ಆದರೆ ಅದಕ್ಕಾಗಿ ಇವತ್ತು ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಚುಕ್ಕೆ, ಉಂಗುರ, ಗುಲಾಬಿ ಬಣ್ಣ, ತುರಿಕೆ ಇವುಗಳ ಕಾರಣ ಬೇರೆ ಬೇರೆ. ಎಲ್ಲ ಒಂದೇ ಜಾಗದಲ್ಲಿ ಒಟ್ಟಿಗೆ ಕಂಡಾಗ ಗಾಬರಿಯಾಗುವುದು ಸಹಜ.

ಮೊದಲು ಚುಕ್ಕೆಯ ವಿಷಯ. ಶೇವ್ ಬಯಾಪ್ಸಿಯಲ್ಲಿ ಬ್ಲೇಡಿನಿಂದ ಚರ್ಮದ ಮೇಲ್ಭಾಗವನ್ನು ತೆಳುವಾಗಿ ಹೆರೆದು ತೆಗೆಯುತ್ತಾರೆ. ಕಾಂಪೌಂಡ್ ನೀವಸ್ ಎಂಬ ಮಚ್ಚೆಯ ಕೋಶಗಳು ಚರ್ಮದ ಮೇಲ್ಪದರದಲ್ಲೂ ಇರುತ್ತವೆ, ಅದರಡಿಯ ಒಳಚರ್ಮದಲ್ಲೂ ಇರುತ್ತವೆ. ಹೆರೆದಾಗ ಮೇಲಿನದು ಬಂತು, ಬುಡದಲ್ಲಿದ್ದದ್ದು ಉಳಿಯಿತು. ರಿಪೋರ್ಟಿನ ‘ಕೆಳಗಿನ ಅಂಚಿನವರೆಗೂ ಇದೆ’ ಎಂಬ ಮಾತಿಗೆ ಇಷ್ಟೇ ಅರ್ಥ. ಗಾಯ ಮಾಯುವಾಗ ಹೊಸ ಚರ್ಮ ಸುತ್ತಲಿನ ಅಂಚಿನಿಂದ ಮತ್ತು ರೋಮಗಳ ಬುಡದಿಂದ ಬೆಳೆದು ಬಂದು ಮುಚ್ಚಿಕೊಳ್ಳುತ್ತದೆ. ಉಳಿದಿದ್ದ ಮಚ್ಚೆಯ ಕೋಶಗಳೂ ಅದರ ಜೊತೆ ಮೇಲೆ ಬಂದು ಮತ್ತೆ ಬಣ್ಣ ಉತ್ಪಾದಿಸುತ್ತವೆ. ಇದಕ್ಕೆ ರಿಕರೆಂಟ್ ನೀವಸ್ ಎನ್ನುತ್ತಾರೆ. ಹೆಚ್ಚಾಗಿ ಮೊದಲ ಆರು ತಿಂಗಳೊಳಗೇ ಕಾಣಿಸಿಕೊಳ್ಳುತ್ತದೆ. ಬೆನ್ನು ಇದಕ್ಕೆ ಹೆಸರಾದ ಜಾಗ.

ನೋಡಲು ಇದು ಚೆನ್ನಾಗಿರುವುದಿಲ್ಲ. ಮೊದಲಿನ ಮಚ್ಚೆ ಗುಂಡಗೆ, ಒಂದೇ ಬಣ್ಣಕ್ಕೆ ಇದ್ದಿರಬಹುದು. ಮರಳಿ ಬಂದದ್ದು ಚುಕ್ಕೆ ಚುಕ್ಕೆಯಾಗಿ, ಗೀರು ಗೀರಾಗಿ, ಒಂದು ಕಡೆ ಗಾಢ ಇನ್ನೊಂದು ಕಡೆ ತಿಳಿಯಾಗಿ ಇರುತ್ತದೆ. ಸೂಕ್ಷ್ಮದರ್ಶಕದಲ್ಲೂ ಮೆಲನೋಮದ, ಅಂದರೆ ಚರ್ಮದ ಬಣ್ಣದ ಕೋಶಗಳ ಕ್ಯಾನ್ಸರಿನ, ಹಾಗೇ ಕಾಣಬಲ್ಲದು. ಎಷ್ಟರ ಮಟ್ಟಿಗೆ ಎಂದರೆ, 1975ರಲ್ಲಿ ಇದನ್ನು ವಿವರಿಸಿದ ವೈದ್ಯರು ಸೂಡೋಮೆಲನೋಮ, ಅಂದರೆ ಹುಸಿ ಮೆಲನೋಮ, ಎಂದೇ ಕರೆದರು. ಹಾಗಾಗಿ ಮೆಲನೋಮದ ಬಗ್ಗೆ ಎಲ್ಲೆಡೆ ಹೇಳುವ ‘ಅಂಚು ಅಂಕುಡೊಂಕು, ಬಣ್ಣ ಹಲವು, ಅಗಲ 6 ಮಿಲಿಮೀಟರಿಗಿಂತ ಹೆಚ್ಚು’ ಎಂಬ ಪಟ್ಟಿಯನ್ನು ಬಯಾಪ್ಸಿ ಆದ ಜಾಗಕ್ಕೆ ಹಾಗೆಯೇ ಹಚ್ಚಿ ನೋಡಬೇಡಿ. ಆ ಪಟ್ಟಿ ಇರುವುದು ಯಾರೂ ಕೈ ಹಾಕದ ಮಚ್ಚೆಗೆ.

ಇಲ್ಲಿ ನೋಡಬೇಕಾದದ್ದು ಗಾಯದ ಕಲೆಯ ಗೆರೆ. ಬಣ್ಣ ಆ ಕಲೆಯ ಒಳಗೇ ನಿಂತಿದೆಯೇ, ಅಥವಾ ಗೆರೆ ದಾಟಿ ಪಕ್ಕದ ಮಾಮೂಲಿ ಚರ್ಮಕ್ಕೆ ಹಬ್ಬಿದೆಯೇ? ರಿಕರೆಂಟ್ ನೀವಸ್ ಸಾಮಾನ್ಯವಾಗಿ ಬೇಗ ಬಂದು, ಕೆಲವು ತಿಂಗಳಲ್ಲಿ ಬೆಳವಣಿಗೆ ನಿಲ್ಲಿಸಿ, ಕಲೆಯೊಳಗೇ ಉಳಿಯುತ್ತದೆ. ಮರುಕಳಿಸಿದ ಮೆಲನೋಮ ತಡವಾಗಿ ಕಾಣಿಸಿಕೊಂಡು, ನಿಲ್ಲದೆ ಬೆಳೆದು, ಗೆರೆ ದಾಟುವುದು ಹೆಚ್ಚು. ಎರಡನೆಯ ಆಧಾರ ನಿಮ್ಮ ಕೈಯಲ್ಲಿರುವ ರಿಪೋರ್ಟ್. ನನ್ನ ಅಭಿಪ್ರಾಯದಲ್ಲಿ ಕನ್ನಡಿಯಲ್ಲಿ ಕಾಣುವುದಕ್ಕಿಂತ ಆ ಹಾಳೆಯ ತೂಕ ದೊಡ್ಡದು. ಅಟಿಪಿಯಾ ಇಲ್ಲದ ಮಚ್ಚೆಯ ಕೋಶ ಅಂಚಿನಲ್ಲಿ ಉಳಿದರೆ ಬಣ್ಣ ಮರಳಬಹುದು, ಅಷ್ಟೇ. ಅದಕ್ಕಾಗಿ ಮತ್ತೆ ಕತ್ತರಿಸುವ ಅಗತ್ಯವಿಲ್ಲ.

ಇದನ್ನು ಓದುವ ಬೇರೆಯವರ ರಿಪೋರ್ಟಿನಲ್ಲಿ ಬೇರೆ ಪದಗಳಿರಬಹುದು. ‘ಡಿಸ್‌ಪ್ಲಾಸ್ಟಿಕ್ ನೀವಸ್’, ಅಂದರೆ ಕೋಶಗಳಲ್ಲಿ ಅಸಹಜತೆ ಇರುವ ಮಚ್ಚೆ, ಎಂದಿದ್ದರೆ ಮುಂದಿನ ದಾರಿ ಅದರ ತೀವ್ರತೆಯ ಮೇಲೆ ನಿಂತಿದೆ. ಮೈಲ್ಡ್ ಆದರೆ ಗಮನಿಸುತ್ತಾ ಹೋದರೆ ಸಾಕು. ಮಾಡರೇಟ್ ಆಗಿದ್ದು ಕಣ್ಣಿಗೆ ಬಣ್ಣವೇನೂ ಉಳಿದಿಲ್ಲದಿದ್ದರೆ ಅನೇಕ ವೈದ್ಯರು ಕಾಯುತ್ತಾರೆ, ಕೆಲವರು ತೆಗೆದುಬಿಡೋಣ ಎನ್ನುತ್ತಾರೆ. ಸಿವಿಯರ್ ಎಂದಿದ್ದರೆ ಸುತ್ತ ಸ್ವಲ್ಪ ಒಳ್ಳೆಯ ಚರ್ಮವನ್ನೂ ಸೇರಿಸಿ ಮತ್ತೆ ತೆಗೆಸಬೇಕು. ಮೆಲನೋಮ ಎಂದೇ ಬಂದಿದ್ದರೆ ಅದು ಎಷ್ಟು ಮಿಲಿಮೀಟರ್ ಆಳಕ್ಕಿಳಿದಿದೆ ಎಂಬುದರ ಮೇಲೆ ಸುತ್ತ ಬಿಡಬೇಕಾದ ಅಂತರ ನಿರ್ಧಾರವಾಗುತ್ತದೆ: ಮೇಲ್ಪದರದಲ್ಲೇ ಇದ್ದರೆ ಅರ್ಧದಿಂದ 1 ಸೆಂಟಿಮೀಟರ್, 1 ಮಿಲಿಮೀಟರ್ ಆಳದವರೆಗೆ 1 ಸೆಂಟಿಮೀಟರ್, 2 ಮಿಲಿಮೀಟರ್ ಮೀರಿದರೆ 2 ಸೆಂಟಿಮೀಟರ್. ಇಂಥ ರಿಪೋರ್ಟ್ ಇದ್ದವರು ಕಲೆಯ ಮೇಲೆ ಬಣ್ಣ ಬರಲಿ ಎಂದು ಕಾಯಬಾರದು.

‘ಕತ್ತಿ ತಾಗಿಸಿದರೆ ಕ್ಯಾನ್ಸರ್ ಹರಡುತ್ತದೆ’ ಎಂಬ ಮಾತು ನಮ್ಮ ಕಡೆ ಗಟ್ಟಿಯಾಗಿ ಬೇರೂರಿದೆ. ಚರ್ಮದ ಬಯಾಪ್ಸಿಯಿಂದ ಮೆಲನೋಮ ಹರಡುವುದಿಲ್ಲ. ಮೂರು ತಿಂಗಳು ಹೆದರಿ ಕೂತು ಬಯಾಪ್ಸಿ ಮುಂದೂಡಿದರೆ ನಷ್ಟವಾಗುವುದು ಆಗ.

ಕಪ್ಪು ಉಂಗುರದ ಕಾರಣ ಬೇರೆ. ನಮ್ಮಂಥ ಕಂದು ಚರ್ಮದಲ್ಲಿ ಗಾಯ, ಉರಿಯೂತ, ಕೊನೆಗೆ ಸೊಳ್ಳೆ ಕಡಿತವೂ ಕಪ್ಪು ಕಲೆ ಬಿಟ್ಟುಹೋಗುತ್ತದೆ. ಉರಿಯೂತ ಬಣ್ಣದ ಕೋಶಗಳನ್ನು ಕೆರಳಿಸುತ್ತದೆ, ಅವು ಹೆಚ್ಚು ಮೆಲನಿನ್ ಸುರಿಯುತ್ತವೆ. ಈ ಉಂಗುರ ಗಾಯದ ಆಚೆ ಇರುತ್ತದೆ ನಿಜ, ಆದರೆ ಸುತ್ತಲೂ ಒಂದೇ ಸಮನಾಗಿ ಮಸುಕಾಗಿ ಇದ್ದು ಹೊರಗೆ ಹೋದಂತೆ ಕರಗಿಹೋಗುತ್ತದೆ. ಗೆರೆ ದಾಟಿದ ಮಚ್ಚೆಯ ಬಣ್ಣ ಹೀಗಿರದೆ, ಒಂದು ಕಡೆಗೆ ಮಾತ್ರ ಗೀರಿನಂತೆ ಅಥವಾ ನಾಲಗೆಯಂತೆ ಚಾಚಿಕೊಂಡಿರುತ್ತದೆ. ಉಂಗುರ ತಿಳಿಯಾಗಲು ಆರು ತಿಂಗಳಿಂದ ಒಂದು ವರ್ಷ, ಬಣ್ಣ ಒಳಚರ್ಮಕ್ಕೆ ಇಳಿದಿದ್ದರೆ ಇನ್ನೂ ಹೆಚ್ಚು ಸಮಯ ಬೇಕು. ಬೆನ್ನಿಗೆ ಬಟ್ಟೆಯ ನೆರಳು ಇದೆ. ಮುಖ, ಕೈಯಲ್ಲಾದರೆ ಎಸ್‌ಪಿಎಫ್ 30 ಅಥವಾ ಮೇಲ್ಪಟ್ಟ ಸನ್‌ಸ್ಕ್ರೀನ್ ಬೇಕು. ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ನಮಗೆ ಹೆಚ್ಚು ಉಪಯುಕ್ತ, ಏಕೆಂದರೆ ಕಂದು ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕೂ ಕಲೆಯನ್ನು ಗಾಢ ಮಾಡುತ್ತದೆ. ಸ್ನಾನದಲ್ಲಿ ನಾರಿನಿಂದ ಉಜ್ಜಬೇಡಿ. ಬ್ಯಾಗಿನ ಪಟ್ಟಿ ಅಲ್ಲೇ ತಿಕ್ಕುತ್ತಿದ್ದರೆ ಭುಜ ಬದಲಿಸಿ. ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಕೊಡುವ, ಸ್ಟಿರಾಯ್ಡ್ ಬೆರೆತ ಬಿಳಿಯಾಗಿಸುವ ಕ್ರೀಮು ಖಂಡಿತ ಬೇಡ. ಅದು ಚರ್ಮವನ್ನು ತೆಳುವಾಗಿಸುತ್ತದೆ, ಬಣ್ಣವನ್ನು ಇನ್ನಷ್ಟು ಏರುಪೇರು ಮಾಡುತ್ತದೆ.

ಗುಲಾಬಿ ಬಣ್ಣ ಹೊಸ ರಕ್ತನಾಳಗಳದ್ದು. ಇಂಟರ್ನೆಟ್ಟಿನ ಫೋಟೊಗಳಲ್ಲಿ ಬಹುಪಾಲು ಬಿಳಿ ಚರ್ಮದವರದ್ದು, ಅವುಗಳ ಜೊತೆ ಹೋಲಿಸಬೇಡಿ. ನಮ್ಮಲ್ಲಿ ಇದೇ ಕೆಂಪು ನೇರಳೆಯಾಗಿಯೂ ಕಾಣಬಹುದು. ಕಲೆ ಪೂರ್ತಿ ಪಕ್ವವಾಗಲು ವರ್ಷದ ಮೇಲೆ ಬೇಕು.

ತುರಿಕೆಯನ್ನು ಮಾತ್ರ ಸ್ವಲ್ಪ ಬಿಡಿಸಿ ನೋಡಬೇಕು. ಗಾಯದಲ್ಲಿ ನರದ ತುದಿಗಳು ಮತ್ತೆ ಬೆಳೆಯುವಾಗ ತುರಿಕೆ, ಚುಚ್ಚಿದಂತಾಗುವುದು ತಿಂಗಳುಗಟ್ಟಲೆ ಇರುತ್ತದೆ; ದಿನಕ್ಕೆರಡು ಸಲ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಸವರಿದರೆ ಕಡಿಮೆಯಾಗುತ್ತದೆ. ತುರಿಯುವ ಕೆಂಪು ಜಾಗ ಪ್ಲಾಸ್ಟರಿನ ಆಕಾರದಲ್ಲೇ ಚೌಕವಾಗಿದ್ದರೆ ಅದು ಅಂಟಿನ ಅಲರ್ಜಿ. ಪೌಡರ್ ಅಥವಾ ಮುಲಾಮು ಹಚ್ಚಿದಲ್ಲೆಲ್ಲ ಸಣ್ಣ ನೀರುಗುಳ್ಳೆ ಎದ್ದು ತುರಿಸುತ್ತಿದ್ದರೆ ಅದರಲ್ಲಿ ನಿಯೋಮೈಸಿನ್ ಇದೆಯೇ ನೋಡಿ; ಅಲರ್ಜಿಗೆ ಹೆಸರಾದ ಔಷಧ ಅದು. ಸೋಂಕು ಎಂದುಕೊಂಡು ಅದನ್ನೇ ಮತ್ತಷ್ಟು ಹಚ್ಚುವವರಿದ್ದಾರೆ, ಆಗ ಹೆಚ್ಚುತ್ತಲೇ ಹೋಗುತ್ತದೆ.

ತುರಿಕೆಯ ಜೊತೆ ಕಲೆ ಗಟ್ಟಿಯಾಗಿ ಉಬ್ಬುತ್ತಿದ್ದರೆ ಬೇಗ ಹೋಗಿ. ಎದೆ, ಭುಜ, ಮೇಲ್ಬೆನ್ನು, ಕಿವಿಹಾಲೆ ಕೀಲಾಯ್ಡ್ ಎಂಬ ಉಬ್ಬು ಕಲೆ ಬರುವ ಜಾಗಗಳು. ಗಾಯದ ಅಳತೆಯೊಳಗೇ ಉಬ್ಬಿದರೆ ಅದು ಹೈಪರ್‌ಟ್ರೋಫಿಕ್ ಕಲೆ, ಕಾಲಕ್ರಮೇಣ ಇಳಿಯಬಹುದು. ಅಳತೆ ಮೀರಿ ಪಕ್ಕಕ್ಕೆ ಹಬ್ಬಿದರೆ ಕೀಲಾಯ್ಡ್. ಚರ್ಮ ಪೂರ್ತಿ ಮುಚ್ಚಿದ ಮೇಲೆ ಸಿಲಿಕೋನ್ ಹಾಳೆಯನ್ನು ದಿನಕ್ಕೆ ಕನಿಷ್ಠ 12 ಗಂಟೆ, ಎರಡು ಮೂರು ತಿಂಗಳು ಇಟ್ಟುಕೊಳ್ಳುವುದು ಮೊದಲ ಹೆಜ್ಜೆ. ಅದಕ್ಕೆ ಬಗ್ಗದಿದ್ದರೆ 4ರಿಂದ 6 ವಾರಕ್ಕೊಮ್ಮೆ ಕಲೆಯೊಳಗೆ ಟ್ರಯಾಮ್ಸಿನೊಲೋನ್ ಎಂಬ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಕೀಲಾಯ್ಡನ್ನು ಬರೀ ಕತ್ತರಿಸಿ ತೆಗೆದರೆ ಮೊದಲಿಗಿಂತ ದೊಡ್ಡದಾಗಿ ಬರುವುದೇ ಹೆಚ್ಚು.

ಹೊಲಿಗೆ ಹಾಕಿಸಿಕೊಂಡವರಿಗೆ ಎರಡು ಮಾತು. ಒಳಗೆ ಕರಗುವ ದಾರ ಹಾಕಿದ್ದರೆ ಒಂದೆರಡು ತಿಂಗಳ ನಂತರ ಗೆರೆಯ ಮೇಲೆ ಮೊಡವೆಯಂತೆ ಎದ್ದು ದಾರದ ತುಣುಕು ಹೊರಬರಬಹುದು. ಅದು ಗೆಡ್ಡೆಯಲ್ಲ; ಹಿಸುಕದೆ ಡಾಕ್ಟರಿಗೆ ತೋರಿಸಿದರೆ ನಿಮಿಷದಲ್ಲಿ ತೆಗೆಯುತ್ತಾರೆ. ಇನ್ನು ಮೊದಲ ಹತ್ತು ದಿನದಲ್ಲಿ ಗಾಯದ ಸುತ್ತ ಕೆಂಪಿದ್ದರೆ ಅದರ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆಯಿರಿ. ಮರುದಿನ ಕೆಂಪು ಆ ಗೆರೆಯನ್ನು ದಾಟಿದ್ದರೆ, ನೋವು ಕಡಿಮೆಯಾಗುವ ಬದಲು ಏರುತ್ತಿದ್ದರೆ, ಕೀವು ಅಥವಾ ಜ್ವರ ಬಂದರೆ ಅದು ಸೋಂಕು, ಅಂದೇ ಹೋಗಬೇಕು. ಏಳು ವಾರ ಕಳೆದ ನಿಮ್ಮ ಗಾಯಕ್ಕೆ ಆ ಭಯವಿಲ್ಲ.

ನಿಮ್ಮ ಹತ್ತಿರ ರಿಪೋರ್ಟ್ ಇರುವುದು ದೊಡ್ಡ ವಿಷಯ. ಲೇಸರಿನಲ್ಲೋ ರೇಡಿಯೋಫ್ರೀಕ್ವೆನ್ಸಿಯಲ್ಲೋ ಮಚ್ಚೆ ಸುಡಿಸಿಕೊಂಡವರು, ಸುಣ್ಣಕ್ಕೆ ವಾಷಿಂಗ್ ಸೋಡಾ ಕಲಸಿ ಹಚ್ಚಿಕೊಂಡವರು ಬಹಳ ಜನ. ಪರೀಕ್ಷೆಗೆ ಕಳಿಸಲು ಅಂಗಾಂಶವೇ ಉಳಿದಿರುವುದಿಲ್ಲ. ಆಮೇಲೆ ಅಲ್ಲಿ ಬಣ್ಣ ಮರಳಿದರೆ ಮೊದಲು ಇದ್ದದ್ದು ಏನು ಎಂದು ಯಾರಿಗೂ ಹೇಳಲಾಗದು. ಅಂಥವರು ಬಣ್ಣ ಕಲೆಯೊಳಗೇ ಇದೆ ಎಂದು ಸಮಾಧಾನಪಟ್ಟುಕೊಳ್ಳದೆ ಬಯಾಪ್ಸಿ ಬೇಕೇ ಎಂದು ಕೇಳಲೇಬೇಕು. ಮೆಲನೋಮ ನಮ್ಮಲ್ಲಿ ಅಪರೂಪ. ಬಂದಾಗ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಬರುವುದು ಹೆಚ್ಚು, ಹಾಗಾಗಿ ಆ ಜಾಗಗಳಲ್ಲಿ ತಾಳ್ಮೆ ಕಡಿಮೆ ಇರಲಿ. ವಯಸ್ಸಾದವರ ಮುಖದಲ್ಲಿ ಕಪ್ಪಗೆ ಹೊಳೆಯುತ್ತಾ, ಆಗಾಗ ರಕ್ತ ಒಸರುತ್ತಾ, ಮಾಯದೆ ಉಳಿಯುವ ‘ಮಚ್ಚೆ’ ಬೇಸಲ್ ಸೆಲ್ ಕ್ಯಾನ್ಸರ್ ಆಗಿರಬಹುದು. ಇದನ್ನು ಸುಡಿಸುವ ತಪ್ಪು ಆಗುತ್ತಿರುತ್ತದೆ.

ಈಗ ನೀವು ಮಾಡಬೇಕಾದದ್ದು. ಮನೆಯವರಿಂದ ಒಂದು ಫೋಟೊ ತೆಗೆಸಿ: ಕಲೆಯ ಪಕ್ಕ ಮಿಲಿಮೀಟರ್ ಗುರುತಿರುವ ಸ್ಕೇಲ್, ಹಗಲಿನ ಬೆಳಕು, ಫ್ಲಾಶ್ ಬೇಡ, ಸುಮಾರು ಒಂದು ಗೇಣು ದೂರ. ಅದೇ ಫೋನಿನಲ್ಲಿ ತಿಂಗಳಿಗೊಮ್ಮೆ ಸಾಕು. ದಿನಾ ನೋಡಿದರೆ ಬದಲಾವಣೆ ಗೊತ್ತಾಗುವುದಿಲ್ಲ, ಆತಂಕ ಮಾತ್ರ ಬೆಳೆಯುತ್ತದೆ. ಮುಂದಿನ ಕೆಲವು ವಾರಗಳಲ್ಲಿ ಡಾಕ್ಟರನ್ನು ಕಂಡು ಡರ್ಮೋಸ್ಕೋಪ್ (ಚರ್ಮವನ್ನು ದೊಡ್ಡದಾಗಿ ತೋರಿಸುವ ಬೆಳಕಿನ ಮಸೂರ) ಇಟ್ಟು ನೋಡಲು ಕೇಳಿ. ಅಷ್ಟರೊಳಗೆ ಬಣ್ಣ ಕಲೆಯ ಗೆರೆ ದಾಟಿದರೆ, ಪೆಟ್ಟಾಗದೆ ರಕ್ತ ಬಂದರೆ, ಗಂಟು ವಾರದಿಂದ ವಾರಕ್ಕೆ ಬೆಳೆದರೆ, ಅಥವಾ ಕಂಕುಳಲ್ಲಿ ಗಡ್ಡೆ ಸಿಕ್ಕಿದರೆ ಕಾಯದೆ ಹೋಗಿ.

ಹೋಗುವಾಗ ಮೂಲ ರಿಪೋರ್ಟ್ ಒಯ್ಯಿರಿ. ಅದರ ಮೇಲಿನ ಬಯಾಪ್ಸಿ ನಂಬರನ್ನು ಬೇರೆ ಕಡೆಯೂ ಬರೆದಿಟ್ಟುಕೊಳ್ಳಿ. ಅನುಮಾನ ಉಳಿದರೆ ಲ್ಯಾಬಿನಿಂದ ಸ್ಲೈಡು ಮತ್ತು ಅಂಗಾಂಶ ಹುದುಗಿಸಿಟ್ಟ ಮೇಣದ ಬ್ಲಾಕ್ ಕೇಳಿ ಪಡೆದು, ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಮತ್ತೊಮ್ಮೆ ನೋಡಿಸಬಹುದು. ಒಂದು ವೇಳೆ ಅದೇ ಜಾಗದಲ್ಲಿ ಎರಡನೇ ಬಯಾಪ್ಸಿ ಆಗುವುದಾದರೆ, ಸ್ಯಾಂಪಲ್ ಜೊತೆ ಹೋಗುವ ಚೀಟಿಯಲ್ಲಿ ‘ಇದೇ ಜಾಗದಲ್ಲಿ ಇಂಥ ತಾರೀಖು ಶೇವ್ ಬಯಾಪ್ಸಿ ಆಗಿದೆ, ಹಿಂದಿನ ನಂಬರ್ ಇದು’ ಎಂದು ಬರೆದಿದ್ದಾರೆಯೇ ಎಂದು ನೀವೇ ನೋಡಿ. ಅದಿಲ್ಲದಿದ್ದರೆ ಹುಸಿ ಮೆಲನೋಮವನ್ನು ಪೆಥಾಲಜಿಸ್ಟ್ ನಿಜವಾದದ್ದೆಂದು ಬರೆದುಬಿಡುವ ಅಪಾಯವಿದೆ.