ಹಳೆಯ ಅಮೆರಿಕನ್ ಕ್ಷೌರಕತ್ತಿ: ಮಾಡಿದವರು ಯಾರು, ಯಾವಾಗ?

(ಅಲಗು ಹಿಡಿಯೊಳಗೆ ಸೇರುವ ಹರಿತವಿಲ್ಲದ ಗಿಡ್ಡ ಭಾಗವನ್ನು ಇಲ್ಲಿ ‘ಕತ್ತು’ ಎಂದು ಕರೆದಿದ್ದೇವೆ. ತಯಾರಕರ ಅಚ್ಚು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.)

ಪ್ರಶ್ನೆ: ನನ್ನಲ್ಲಿರುವ ಮಡಚುವ ಕ್ಷೌರಕತ್ತಿಯ ಕತ್ತಿನ ಮೇಲೆ ‘ಇ.ಸಿ. ಸಿಮನ್ಸ್, ಕೀನ್ ಕಟರ್, ಸೇಂಟ್ ಲೂಯಿಸ್’ ಎಂದಿದೆ. ಇದನ್ನು ಸಿಮನ್ಸ್ ಅವರೇ ಮಾಡಿದ್ದೇ?

ಉತ್ತರ: ಹಾಗೆಂದು ಹೇಳಲು ಆ ಅಚ್ಚು ಸಾಲದು. ಮಿಸೌರಿಯ ಸೇಂಟ್ ಲೂಯಿಸ್‌ನ ಸಿಮನ್ಸ್ ಹಾರ್ಡ್‌ವೇರ್ ಮುಖ್ಯವಾಗಿ ಸಗಟು ವ್ಯಾಪಾರದ ಕಂಪನಿ. ‘ಕೀನ್ ಕಟರ್’ ಅದರ ಬ್ರಾಂಡ್. ಕೊಡಲಿ, ಗರಗಸ, ಚಾಕು ಎಲ್ಲದರ ಮೇಲೂ ಅದೇ ಹೆಸರು. ಅದೇ ಊರಿನ ಶ್ಯಾಪ್ಲೀ ಹಾರ್ಡ್‌ವೇರ್‌ನವರ ‘ಡೈಮಂಡ್ ಎಜ್’ ಕೂಡ ಇಂಥದ್ದೇ. ಸಗಟುದಾರರು ಬೇರೆಯವರಿಂದ ಮಾಲು ಮಾಡಿಸಿ ತಮ್ಮ ಅಚ್ಚು ಒತ್ತಿಸುತ್ತಿದ್ದರು. ಆದ್ದರಿಂದ ಅಚ್ಚಿನಲ್ಲಿರುವ ಹೆಸರು ಮಾರಿದವರದೋ ಮಾಡಿದವರದೋ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಹುಡುಕಾಟ ದಾರಿ ತಪ್ಪುವುದು ಹೆಚ್ಚಾಗಿ ಇಲ್ಲೇ. ‘ಕೀನ್ ಕಟರ್’ ಹೆಸರು 1940ರಲ್ಲಿ ಶ್ಯಾಪ್ಲೀ ಪಾಲಾಯಿತು. ನಿಮ್ಮ ಕತ್ತಿಯಲ್ಲಿ ಸಿಮನ್ಸ್ ಹೆಸರಿರುವುದರಿಂದ ಅದು ಅದಕ್ಕೂ ಹಿಂದಿನದು ಎಂದುಕೊಳ್ಳಬಹುದು.

ತಯಾರಕರದೇ ಅಚ್ಚಿದ್ದರೆ ಕಂಪನಿಯ ಹೆಸರು ಮತ್ತು ಊರನ್ನು ಜೋಡಿಯಾಗಿ ಓದಿ. ಕಾಲ ಸಿಗುವುದು ಆ ಜೋಡಿಯಲ್ಲಿ. ಪೆನ್ಸಿಲ್ವೇನಿಯಾದ ಟಿಡಿಯೂಟ್‌ನಲ್ಲಿದ್ದ ಯೂನಿಯನ್ ರೇಜರ್ ಕಂಪನಿ 1909ರಲ್ಲಿ ಯೂನಿಯನ್ ಕಟ್ಲರಿ ಎಂದು ಹೆಸರು ಬದಲಿಸಿಕೊಂಡಿತು. 1911–12ರ ಹೊತ್ತಿಗೆ ನ್ಯೂಯಾರ್ಕ್ ರಾಜ್ಯದ ಓಲಿಯನ್‌ಗೆ ಹೋಯಿತು. ಹಾಗಾಗಿ ‘ಯೂನಿಯನ್ ರೇಜರ್, ಟಿಡಿಯೂಟ್’ ಎಂದಿದ್ದರೆ 1909ಕ್ಕಿಂತ ಹಿಂದಿನದು. ‘ಯೂನಿಯನ್ ಕಟ್ಲರಿ, ಟಿಡಿಯೂಟ್’ ಎಂದಿದ್ದರೆ ಎರಡು ಮೂರು ವರ್ಷಗಳ ಕಿರು ಅವಧಿಯದು. ಓಲಿಯನ್ ಎಂದಿದ್ದರೆ ಆಮೇಲಿನದು. ‘ಕೇಸ್’ ಹೆಸರಿನಲ್ಲೂ ಇದೇ ಎಚ್ಚರ ಬೇಕು: ಲಿಟಲ್ ವ್ಯಾಲಿಯ ಕೇಸ್ ಬ್ರದರ್ಸ್ ಬೇರೆ, ಬ್ರಾಡ್‌ಫರ್ಡ್‌ನ ಡಬ್ಲ್ಯು.ಆರ್. ಕೇಸ್ ಅಂಡ್ ಸನ್ಸ್ ಬೇರೆ. ಈ ಎರಡನೆಯವರು ಬ್ರಾಡ್‌ಫರ್ಡ್‌ನಲ್ಲಿ ನೆಲೆಯಾದದ್ದು 1905ರಲ್ಲಿ.

ಪ್ರಶ್ನೆ: ಅಚ್ಚಿನಲ್ಲಿ ‘ಜಿನೀವಾ’ ಎಂದಿದೆ. ಸ್ವಿಟ್ಜರ್ಲೆಂಡಿನದೆಂದು ಮಾರಿದರು. ನಿಜವೇ?

ಉತ್ತರ: ಅಕ್ಷರಗಳ ಕೊನೆಯಲ್ಲಿ ‘ಎನ್.ವೈ.’ ಇದೆಯೇ ನೋಡಿ. ನ್ಯೂಯಾರ್ಕ್ ರಾಜ್ಯದಲ್ಲೂ ಜಿನೀವಾ ಎಂಬ ಊರಿದೆ. ಅಲ್ಲಿನ ಜಿನೀವಾ ಕಟ್ಲರಿ ಕಂಪನಿ ‘ಜೆನ್ಕೊ’ ಹೆಸರಿನಲ್ಲಿ ಕ್ಷೌರಕತ್ತಿಗಳನ್ನು ಮಾರುತ್ತಿತ್ತು. ಹಳೆಯ ಅಚ್ಚುಗಳಲ್ಲಿ ರಾಜ್ಯದ ಹೆಸರು ‘ಮ್ಯಾಸ್.’ (ಮ್ಯಾಸಚೂಸೆಟ್ಸ್), ‘ಕಾನ್.’ (ಕನೆಕ್ಟಿಕಟ್) ಎಂದು ಮೊಟಕಾಗಿರುತ್ತದೆ. ವುಸ್ಟರ್‌ನ ಜೆ.ಆರ್. ಟೋರಿ ಕತ್ತಿಗಳಲ್ಲಿ ಕಾಣುವುದು ‘ಮ್ಯಾಸ್.’ ಎಂದೇ. ಅದರ ಬದಲು ಎರಡೇ ಅಕ್ಷರದ ‘ಎಂಎ’, ‘ಸಿಟಿ’ ಇದ್ದರೆ ಅನುಮಾನಿಸಿ. ಆ ರೂಢಿ ಬಂದದ್ದು 1963ರಲ್ಲಿ, ಪಿನ್‌ಕೋಡ್‌ನಂಥ ಜಿಪ್ ಕೋಡ್ ಜೊತೆಗೆ.

ಪ್ರಶ್ನೆ: ಅಲಗಿನ ಮೇಲೆ ಹದ್ದು, ಅಮೆರಿಕದ ಬಾವುಟ ಕೆತ್ತಿದೆ. ದೇಶದ ಹೆಸರೆಲ್ಲೂ ಇಲ್ಲ. ಅಮೆರಿಕದ್ದೇ ತಾನೆ?

ಉತ್ತರ: ಹದ್ದನ್ನು ನಂಬಬೇಡಿ. ಇಂಗ್ಲೆಂಡಿನ ಶೆಫೀಲ್ಡ್‌ನವರು ಅಮೆರಿಕದ ಗಿರಾಕಿಗಳಿಗೆಂದೇ ಇಂಥ ಚಿತ್ರ ಹಾಕಿದ ಕತ್ತಿಗಳನ್ನು ರಾಶಿಗಟ್ಟಲೆ ಕಳಿಸುತ್ತಿದ್ದರು. 1890ರ ಮೆಕಿನ್ಲಿ ಸುಂಕ ಕಾಯ್ದೆಯ ಪ್ರಕಾರ 1891ರ ಮಾರ್ಚ್ 1ರಿಂದ ಆಮದಾದ ಸರಕಿನ ಮೇಲೆ ಅದು ಬಂದ ದೇಶದ ಹೆಸರು ಇಂಗ್ಲಿಷಿನಲ್ಲಿ ಇರಬೇಕಾಯಿತು. ಆದ್ದರಿಂದ ‘ಜರ್ಮನಿ’ ಅಥವಾ ‘ಇಂಗ್ಲೆಂಡ್’ ಎಂದಿದ್ದರೆ ಬಹುಮಟ್ಟಿಗೆ ಅದರ ನಂತರದ್ದು. ಹೆಸರು ಇಲ್ಲದಿರುವುದು ಮಾತ್ರ ಯಾವುದಕ್ಕೂ ಸಾಕ್ಷಿಯಲ್ಲ: ಕಾಯ್ದೆಗೆ ಮೊದಲೇ ಬಂದಿರಬಹುದು, ಬೇರೆ ದೇಶದಲ್ಲಿ ಮಾರಿದ್ದಿರಬಹುದು, ಉಜ್ಜಿ ಉಜ್ಜಿ ಅಚ್ಚೇ ಸವೆದಿರಬಹುದು. ಕತ್ತಿನ ಹಿಂಬದಿಯನ್ನೂ ನೋಡಿ. ದೇಶದ ಹೆಸರನ್ನು ಅಲ್ಲಿ ಒತ್ತುವ ರೂಢಿಯೂ ಇತ್ತು.

ಪೇಟೆಂಟ್ ಸಂಖ್ಯೆ ಇದ್ದರೆ ಅದೃಷ್ಟ. 1900ರ ಮೊದಲ ಅಮೆರಿಕನ್ ಪೇಟೆಂಟ್ 6,40,167. ಹತ್ತು ಲಕ್ಷದ ಸಂಖ್ಯೆ ಬಂದದ್ದು 1911ರಲ್ಲಿ. ಕತ್ತಿ ಅದರ ಪೇಟೆಂಟ್ ಸಿಕ್ಕ ವರ್ಷಕ್ಕಿಂತ ಹಳೆಯದಲ್ಲ ಎಂದಷ್ಟೇ ಸಂಖ್ಯೆ ಹೇಳುತ್ತದೆ. ಒಂದೇ ಪೇಟೆಂಟ್ ಹಿಡಿದು ಎಷ್ಟೋ ವರ್ಷ ಮಾಲು ಮಾಡುತ್ತಿದ್ದರು.

ಪ್ರಶ್ನೆ: ಅಚ್ಚು ತೀರಾ ಮಸುಕು. ಪಾಲಿಶ್ ಮಾಡಿದರೆ ಕಾಣುತ್ತದೆಯೇ?

ಉತ್ತರ: ದಯವಿಟ್ಟು ಮಾಡಬೇಡಿ. ಅಚ್ಚು ಎಂದರೆ ಉಕ್ಕಿನಲ್ಲಿ ಬಿದ್ದ ತಗ್ಗು. ಪಾಲಿಶ್ ಸುತ್ತಲಿನ ಮೇಲ್ಮೈಯನ್ನು ಕೆಳಗಿಳಿಸುತ್ತದೆ, ಅಕ್ಷರದ ಅಂಚು ದುಂಡಾಗುತ್ತದೆ, ಇದ್ದ ಸುಳಿವೂ ಹೋಗುತ್ತದೆ. ಅಲಗಿನ ಮೇಲೆ ಆಮ್ಲದಿಂದ ಕೊರೆದ ಹೆಸರಂತೂ ಇನ್ನೂ ತೆಳು. ಒಂದೇ ಉಜ್ಜಿಗೆ ಅಳಿಸಿಹೋಗಬಹುದು.

ಮೊದಲು ತೆಳುವಾದ ಯಂತ್ರದ ಎಣ್ಣೆ ಹಚ್ಚಿ ಒಂದು ದಿನ ಬಿಡಿ, ಹತ್ತಿಬಟ್ಟೆಯಿಂದ ಒರೆಸಿ. ಕೋಣೆ ಕತ್ತಲು ಮಾಡಿ ಟಾರ್ಚನ್ನು ಬಹುತೇಕ ಮಲಗಿಸಿ, ಸುಮಾರು 10–15 ಡಿಗ್ರಿ ಓರೆಯಲ್ಲಿ ಬೆಳಕು ಬಿಡಿ. ಟಾರ್ಚ್ ಅಲ್ಲೇ ಇರಲಿ, ಕತ್ತಿಯನ್ನು ತಿರುಗಿಸುತ್ತ ಹೋಗಿ. ಒಂದು ಕೋನದಲ್ಲಿ ಕಾಣದ ಅಕ್ಷರ ಇನ್ನೊಂದರಲ್ಲಿ ಎದ್ದು ಕಾಣುತ್ತದೆ. ಆಗಲೂ ಕಾಣದಿದ್ದರೆ ಕತ್ತನ್ನು ಒಣಗಿಸಿ ಟಾಲ್ಕಂ ಪೌಡರ್ ಸವರಿ ಮೇಲ್ಮೈ ಮಾತ್ರ ಒರೆಸಿ, ಪುಡಿ ತಗ್ಗುಗಳಲ್ಲಿ ಉಳಿಯುತ್ತದೆ. ತೆಳ್ಳನೆಯ ಕಾಗದ ಇಟ್ಟು ಮೆದು ಪೆನ್ಸಿಲ್‌ನಿಂದ ಉಜ್ಜಿ ಪ್ರತಿ ತೆಗೆಯುವುದೂ ಆದೀತು. ಅರ್ಧ ಕಂಡ ಹೆಸರನ್ನು ಊಹೆಯಿಂದ ತುಂಬಿಸಬೇಡಿ. ಕಂಡ ಅಕ್ಷರ, ಕಾಣದ ಜಾಗ ಎರಡನ್ನೂ ಇದ್ದಂತೆಯೇ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಪೆಟ್ಟಿಗೆಯ ಮೇಲಿನ ಹೆಸರು ಕತ್ತಿಗೆ ಹೊಂದುವುದಿಲ್ಲ.

ಉತ್ತರ: ಕತ್ತಿಯನ್ನೇ ನಂಬಿ. ಪೆಟ್ಟಿಗೆಗಳು ಕೈ ಬದಲಾಗುತ್ತಲೇ ಇರುತ್ತವೆ. ಹಿಡಿಯೂ ಅಷ್ಟೇ, ಮುರಿದರೆ ಬೇರೊಂದನ್ನು ಹಾಕಿಸುತ್ತಿದ್ದರು.

ಪ್ರಶ್ನೆ: ಹಿಡಿಯೊಳಗೆ ಮಡಚಿ ಇರುವಷ್ಟು ಭಾಗಕ್ಕೆ ಮಾತ್ರ ತುಕ್ಕು ಹಿಡಿಯುತ್ತಿದೆ. ಎಣ್ಣೆ ಹಚ್ಚಿದರೂ ನಿಲ್ಲುತ್ತಿಲ್ಲ.

ಉತ್ತರ: ಹಿಡಿ ಸೆಲ್ಯುಲಾಯ್ಡ್ (ಹಳೆಯ ಕಾಲದ ಒಂದು ಬಗೆಯ ಪ್ಲಾಸ್ಟಿಕ್) ಆಗಿರಬೇಕು. ಬಟ್ಟೆಯಿಂದ ಬಿಸಿಯಾಗುವಂತೆ ತಿಕ್ಕಿ ಮೂಸಿ, ಕರ್ಪೂರದ ವಾಸನೆ ಬಂದರೆ ಅದೇ. ಗಂಧಕದ ವಾಸನೆ ಬಂದರೆ ಗಟ್ಟಿ ರಬ್ಬರ್. ಬಿಸಿ ಸೂಜಿ ಚುಚ್ಚಿ ನೋಡುವುದು ಅಪಾಯ, ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುತ್ತದೆ. ಅದು ಹಳತಾಗಿ ಒಡೆಯತೊಡಗಿದಾಗ ಬಿಡುವ ಅನಿಲ ತೇವದೊಂದಿಗೆ ಸೇರಿ ನೈಟ್ರಿಕ್ ಆಮ್ಲವಾಗುತ್ತದೆ. ಅದಕ್ಕೇ ಎಣ್ಣೆಗೆ ಬಗ್ಗುತ್ತಿಲ್ಲ. ಈ ಕತ್ತಿಯನ್ನು ಇಂದೇ ಉಳಿದವುಗಳಿಂದ ದೂರ, ಗಾಳಿಯಾಡುವ ಕಡೆ ಇಡಿ. ಹಿಡಿಯನ್ನು ಬಿಚ್ಚಬೇಕಾಗುತ್ತದೆ: ಕೀಲಿನ ಮೊಳೆಯ ಒಂದು ತಲೆಯನ್ನು ಸಣ್ಣ ಅರದಿಂದ ಉಜ್ಜಿ ತೆಗೆದು, ಮೊಳೆಗಿಂತ ತುಸು ತೆಳುವಾದ ಸೂಜಿ ಪಂಚ್‌ನಿಂದ ಮೆಲ್ಲಗೆ ತಟ್ಟಿ ಹೊರಡಿಸಿ. ಮೊಳೆ ಸಾಮಾನ್ಯವಾಗಿ ಒಂದು ಇಂಚಿನ ಹದಿನಾರನೇ ಒಂದು ಭಾಗ ದಪ್ಪ, ಅಂದರೆ ಸುಮಾರು 1.6 ಮಿ.ಮೀ. ಬಿಚ್ಚುವ ಮೊದಲು ಹಿಡಿಯ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಹಳೆಯ ವಾಷರ್‌ಗಳನ್ನು ಒರೆಸಿ ಒಂದು ಪೊಟ್ಟಣದಲ್ಲಿ ಕಟ್ಟಿಡಿ.